ಯೂರಿನ್ ಪೈಪು ಇವತ್ತೂ ಬೇಕಾ?

ಜಗಳೂರು, ಹೊನ್ನಾಳಿ ಕಡೆಯಿಂದ ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಬರುವ ರೋಗಿಗಳಿಗೆ ಎಷ್ಟೋ ಸಲ ಯೂರಿನ್ ಪೈಪು (ಮೂತ್ರಕೋಶಕ್ಕೆ ಇಳಿಸುವ ಕ್ಯಾತಿಟರ್) ಮೊದಲೇ ಹಾಕಿರುತ್ತದೆ. ಸ್ಟ್ರೆಚರ್ ಎತ್ತುವಾಗ ಬ್ಯಾಗನ್ನು ಹೊಟ್ಟೆಯ ಮೇಲೆ ಇಟ್ಟುಬಿಡುತ್ತಾರೆ. ನಂಜು ಒಳಗೆ ಹೋಗಲು ಅಷ್ಟೇ ಸಾಕು. ಬ್ಯಾಗಿನಲ್ಲಿ ವಾಲ್ವ್ ಇದ್ದರೂ ಟ್ಯೂಬಿನಲ್ಲಿ ನಿಂತ ಮೂತ್ರ ವಾಪಸ್ ಮೂತ್ರಕೋಶಕ್ಕೆ ಹರಿಯುತ್ತದೆ. ಹೊರಡುವ ಮೊದಲು ಬ್ಯಾಗ್ ಖಾಲಿ ಮಾಡಿ, ಸೊಂಟದ ಮಟ್ಟಕ್ಕಿಂತ ಕೆಳಗೆ ಕಂಬಿಗೆ ತೂಗುಹಾಕಬೇಕು. ಎಕ್ಸ್‌ರೇಗೆ ಕರೆದೊಯ್ಯುವಾಗಲೂ ಹಾಗೆಯೇ.

ಪೈಪು ಒಳಗಿರುವ ಪ್ರತಿ ದಿನವೂ 100ರಲ್ಲಿ ಸುಮಾರು 3ರಿಂದ 7 ಮಂದಿಯ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ತಿಂಗಳಾದರೆ ಬಹುತೇಕ ಎಲ್ಲರಿಗೂ. ಬಾವಿಯ ಮೆಟ್ಟಿಲಿಗೆ ಪಾಚಿ ಕಟ್ಟಿದಂತೆ ಪೈಪಿನ ಒಳಹೊರಗೆ ಅವು ಪದರ ಕಟ್ಟುತ್ತವೆ. ಆ ಪದರದೊಳಗೆ ಆಂಟಿಬಯೋಟಿಕ್ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ 'ಮುಂಜಾಗ್ರತೆಗೆ ಇರಲಿ' ಎಂದು ಕೊಡುವ ಆಂಟಿಬಯೋಟಿಕ್ ಸೋಂಕು ತಡೆಯುವುದಕ್ಕಿಂತ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಸುವುದೇ ಹೆಚ್ಚು.

ಮೂತ್ರ ಕಟ್ಟಿದ್ದರೆ, ಗಂಟೆಗೊಮ್ಮೆ ಅಳೆಯಬೇಕಾದಷ್ಟು ಪರಿಸ್ಥಿತಿ ಗಂಭೀರವಾಗಿದ್ದರೆ ಪೈಪು ಬೇಕು. ಹಾಸಿಗೆ ಒದ್ದೆಯಾಗುತ್ತದೆ, ಅಜ್ಜಿಯನ್ನು ಎಬ್ಬಿಸಿ ಕರೆದೊಯ್ಯಲು ಜನ ಇಲ್ಲ ಎಂಬುದು ಪೈಪಿಗೆ ಕಾರಣವಾಗಬಾರದು. ಬೆಡ್‌ಪ್ಯಾನ್, ಡೈಪರ್, ಗಂಡಸರಿಗೆ ಹೊರಗಿನಿಂದಷ್ಟೇ ತೊಡಿಸುವ ಕಾಂಡಮ್ ಕ್ಯಾತಿಟರ್ ಇವೆ. ಆಪರೇಶನ್‌ಗೆಂದು ಹಾಕಿದ್ದನ್ನು, ಬೇರೆ ಕಾರಣವಿಲ್ಲದಿದ್ದರೆ, 24 ಗಂಟೆಯೊಳಗೆ ತೆಗೆಯಬೇಕು. ರೌಂಡ್ಸ್‌ಗೆ ಬಂದ ಡಾಕ್ಟರನ್ನು ರೋಗಿಯ ಮನೆಯವರು 'ಸಾರ್, ಪೈಪು ಇವತ್ತೂ ಬೇಕಾ?' ಎಂದು ಕೇಳಿದರೆ ತಪ್ಪೇನಿಲ್ಲ, ಕೇಳಲೇಬೇಕು.

ಹಾಕುವಾಗ ಸ್ಟೆರೈಲ್ ಗ್ಲೌಸ್, ಜೆಲ್ಲಿ, ಕೆಲಸಕ್ಕೆ ಸಾಕಾಗುವ ಸಣ್ಣ ಸೈಜು: ದೊಡ್ಡವರಿಗೆ ಸಾಮಾನ್ಯವಾಗಿ 14 ಅಥವಾ 16 ಫ್ರೆಂಚ್ (ಪೈಪಿನ ದಪ್ಪದ ಅಳತೆ). ಹೆಂಗಸರಲ್ಲಿ ತಪ್ಪಿ ಯೋನಿಗೆ ಹೋದ ಪೈಪನ್ನೇ ತೆಗೆದು ಮತ್ತೆ ಬಳಸಬಾರದು. ಅದನ್ನು ಗುರುತಿಗೆ ಅಲ್ಲೇ ಬಿಟ್ಟು ಹೊಸದನ್ನು ಹಾಕಿ, ಆಮೇಲೆ ಹಳೆಯದನ್ನು ತೆಗೆಯಬೇಕು. ಪೈಪು ಜಾರದಂತೆ ಒಳಗೆ ಉಬ್ಬಿಸುವ ಬಲೂನಿಗೆ ಸಲೈನ್ ಬೇಡ, ಉಪ್ಪು ಕಟ್ಟಿ ಬಲೂನಿನ ನಾಳ ಮುಚ್ಚಬಹುದು. ಸ್ಟೆರೈಲ್ ನೀರು, ಪೈಪಿನ ಮೇಲೆ ಬರೆದಷ್ಟೇ. ಪೈಪನ್ನು ತೊಡೆಗೆ ಅಂಟಿಸಿ. ಎಳೆದಾಡಿದರೆ ಮೂತ್ರನಾಳ ಉಜ್ಜಿ ಗಾಯವಾಗುತ್ತದೆ.

ಆಮೇಲಿನ ಆರೈಕೆ ಹೆಚ್ಚಾಗಿ ಜೊತೆಗಿರುವವರ ಕೈಯಲ್ಲಿರುತ್ತದೆ. ಪೈಪು ಬ್ಯಾಗ್ ಸೇರುವ ಜಾಗವನ್ನು ಬಿಚ್ಚಬೇಡಿ. ಬ್ಯಾಗ್ ನೆಲಕ್ಕೆ ತಾಗಬಾರದು, ಟ್ಯೂಬ್ ಮಡಚಬಾರದು. ಮುಕ್ಕಾಲು ತುಂಬುವವರೆಗೆ ಕಾಯದೆ, ಹೆಚ್ಚೆಂದರೆ 8 ಗಂಟೆಗೊಮ್ಮೆ ಖಾಲಿ ಮಾಡಿ. ಮುಂಚೆ, ಆಮೇಲೆ ಎರಡು ಸಲವೂ ಕೈ ತೊಳೆಯಿರಿ. ಪಕ್ಕದ ಬೆಡ್ಡಿನವರ ಜಗ್ಗು ಬೇಡವೇ ಬೇಡ. ಬ್ಯಾಗಿನ ನಳಿಕೆ ಜಗ್ಗಿನ ಅಂಚಿಗೆ ಮುಟ್ಟದಿರಲಿ. ಪೈಪು ಹೊರಬರುವ ಜಾಗವನ್ನು ದಿನಕ್ಕೊಮ್ಮೆ ಸೋಪು, ನೀರಿನಲ್ಲಿ ತೊಳೆದರೆ ಸಾಕು. ಡೆಟಾಲ್, ಪೌಡರು ಹಚ್ಚಬೇಡಿ.

ಮೂತ್ರ ಕಲಕಿದೆ, ವಾಸನೆ ಬರುತ್ತಿದೆ ಎಂಬುದೊಂದೇ ಸೋಂಕಿನ ಗುರುತಲ್ಲ. ಜ್ವರ, ಚಳಿ, ಕಿಬ್ಬೊಟ್ಟೆ ಅಥವಾ ಸೊಂಟದ ಪಕ್ಕೆ ನೋವು, ವಯಸ್ಸಾದವರಲ್ಲಿ ದಿಢೀರ್ ಗೊಂದಲ ಕಂಡಾಗ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಮೂತ್ರ ಪರೀಕ್ಷೆ) ಕಳಿಸುವ ವಿಚಾರ. ಆಗಲೂ ಬ್ಯಾಗಿನ ಮೂತ್ರ ಬೇಡ. ಟ್ಯೂಬಿನಲ್ಲಿ ಸ್ಯಾಂಪಲ್ ತೆಗೆಯಲೆಂದೇ ಇರುವ ಪೋರ್ಟನ್ನು ಸ್ಪಿರಿಟ್‌ನಿಂದ ಒರೆಸಿ ತಾಜಾ ಮೂತ್ರ ಎಳೆಯಬೇಕು.

ಪೈಪು ತೆಗೆದ 6 ಗಂಟೆಯೊಳಗೆ ರೋಗಿ ತಾನಾಗಿ ಮೂತ್ರ ಮಾಡದಿದ್ದರೆ ಸಿಸ್ಟರ್‌ಗೆ ಹೇಳಿ. ಕೂಡಲೇ ಮತ್ತೆ ಪೈಪು ಎನ್ನುವ ಮೊದಲು, ಮೂತ್ರಕೋಶದಲ್ಲಿ ಎಷ್ಟು ನಿಂತಿದೆ ಎಂದು ಸ್ಕ್ಯಾನಿನಲ್ಲಿ ನೋಡಬಹುದು.