ಹಳೆಯ ಕಾರಿನ ಮಂಕು ಹೆಡ್‌ಲೈಟ್: ಲೈಟ್ ಹಾಕಿಟ್ಟೇ ಅಳೆಯಬೇಕು ಯಾಕೆ?

ಮಾವನ ಕಾರು 1997ರದ್ದು. ಇಷ್ಟು ವರ್ಷ ಕುಮಟಾದಲ್ಲಿ, ಸಮುದ್ರದ ಹತ್ತಿರದ ಮನೆಯ ಶೀಟಿನ ಮಾಡಿನ ಕೆಳಗೆ ನಿಂತಿತ್ತು. ಈಗ ಶಿರಸಿಗೆ ಹೋಗಿಬರಲು ಮಾವ ಅದನ್ನೇ ಬಳಸುತ್ತಾರೆ. ಈ ಮಳೆಗಾಲದಲ್ಲಿ ಒಂದು ರಾತ್ರಿ ದೇವಿಮನೆ ಘಟ್ಟ ಇಳಿದು ಬಂದವರೇ, "ಎಡಬದಿ ಕಾಣ್ತೇ ಇಲ್ಲೆ ಮಾರಾಯಾ" ಅಂದರು. ಎಡಗಡೆಯ ಹೆಡ್‌ಲೈಟ್ ಉರಿಯುತ್ತಿತ್ತು, ಆದರೆ ಹಳದಿಯಾಗಿ, ಮಂಕಾಗಿ. ಮಂಜು, ಮಳೆ, ತಿರುವು ಎಲ್ಲ ಒಟ್ಟಿಗೇ ಇರುವ ಆ ರಸ್ತೆಯಲ್ಲಿ ಎಡ ಅಂಚು ಕಾಣದಿದ್ದರೆ ಭಯವೇ.

ನಾನು ಆಟೋ ಎಲೆಕ್ಟ್ರಿಕಲ್ ಕೆಲಸ ಕಲಿಯುತ್ತಿದ್ದೇನೆ. ಈ ಒಂದು ಲೈಟಿಗೆ ನನಗೆ ಮೂರು ದಿನ ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು ಅಂತ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಮೊದಲು ಬೇಗ ನೋಡುವುದು

ಎರಡೂ ಕಡೆಯ ಲೈಟ್ ಒಟ್ಟಿಗೆ ಹೋದರೆ ಫ್ಯೂಸ್, ರಿಲೇ ಅಥವಾ ಸ್ವಿಚ್ ನೋಡಿ. ಕೆಲವು ಕಾರುಗಳಲ್ಲಿ ಎಡಕ್ಕೆ, ಬಲಕ್ಕೆ ಬೇರೆ ಬೇರೆ ಫ್ಯೂಸ್ ಇರುತ್ತದೆ, ಅದನ್ನೂ ನೆನಪಿಡಿ. ಬ್ಲೇಡ್ ಫ್ಯೂಸಿನಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಸುಟ್ಟ ಜಾಗಕ್ಕೆ ಅದೇ ಬಣ್ಣದ್ದನ್ನೇ ಹಾಕಿ, ದೊಡ್ಡದು ಬೇಡ. ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಸುಡುವುದು ವೈರು. ಒಂದು ಕಡೆಯ ಇಂಡಿಕೇಟರ್ ಜಾಸ್ತಿ ಬೇಗ ಬೇಗ ಮಿನುಗಿದರೆ ಸಾಮಾನ್ಯವಾಗಿ ಆ ಕಡೆಯ ಒಂದು ಬಲ್ಬ್ ಹೋಗಿದೆ ಅಂತ ಲೆಕ್ಕ.

ಬಲ್ಬ್ ಉರಿಯುತ್ತಿದೆ, ಆದರೆ ಮಂಕು ಅಂದರೆ ಕಥೆ ಬೇರೆ. ಕಷ್ಟ ಇರುವುದು ಇಲ್ಲೇ.

ನಾನು ಸಿಕ್ಕಿಕೊಂಡ ಜಾಗ

ಹೊಸ ಬಲ್ಬ್ ಹಾಕಿದೆ. ಅದೂ ಮಂಕು. ಬಲ್ಬಿಗೆ ವೈರ್ ಕೂಡಿಸುವ ಕಪ್ಲರ್ ಕಳಚಿ, ಅದರ ಡಿಪ್ಪಿನ (ಹತ್ತಿರದ ಬೆಳಕಿನ) ಕಾಲು ಮತ್ತು ಅರ್ಥಿಂಗ್ (ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ) ಕಾಲಿನ ಮಧ್ಯೆ ಮಲ್ಟಿಮೀಟರ್ ಹಿಡಿದೆ. 12.6 ವೋಲ್ಟ್. ಬ್ಯಾಟರಿಯಲ್ಲಿ ಇದ್ದಷ್ಟೂ ಬರುತ್ತಿದೆ. ಹಾಗಾದರೆ ವೈರಿಂಗ್ ಸರಿ ಇದೆ ಅಂದುಕೊಂಡೆ. ಮೀಟರನ್ನು ಓಮ್‌ಗೆ, ಅಂದರೆ ಕರೆಂಟಿನ ದಾರಿಯ ಅಡ್ಡಿ ಅಳೆಯುವುದಕ್ಕೆ, ತಿರುಗಿಸಿ ಅರ್ಥಿಂಗ್ ವೈರಿನಿಂದ ಬ್ಯಾಟರಿ ಮೈನಸ್‌ವರೆಗೆ ನೋಡಿದೆ. 0.7 ತೋರಿಸಿತು. ಮೀಟರಿನ ಎರಡು ಕಡ್ಡಿಯನ್ನು ಒಂದಕ್ಕೊಂದು ಮುಟ್ಟಿಸಿದರೇ 0.2 ಬರುತ್ತದೆ. ಉಳಿದದ್ದು ಅರ್ಧ ಓಮ್. ಅದು ಏನೂ ಅಲ್ಲ ಅಂತ ಬಿಟ್ಟೆ. ಆಮೇಲೆ ಎರಡು ದಿನ ಸ್ವಿಚ್ ಬಿಚ್ಚುವುದರಲ್ಲೇ ಹೋಯಿತು.

ಕೆಲಸ ಕಲಿಸುವ ಅಣ್ಣ ಬಂದು ನೋಡಿ ಹೇಳಿದ್ದು ಒಂದೇ ಮಾತು: "ತಮ್ಮಾ, ಬಲ್ಬ್ ಹಾಕಿ, ಲೈಟ್ ಹಾಕಿಟ್ಟು ಅಳೆ."

ಇದು ಯಾಕೆ ಅಂತ ತಲೆಗೆ ಹೋಗಲು ನನಗೆ ಅಡಿಕೆ ತೋಟದ ಪೈಪು ನೆನಪಾಗಬೇಕಾಯಿತು. ಪೈಪಿನ ಮಧ್ಯೆ ಎಲ್ಲೋ ಕೆಸರು ಕಟ್ಟಿ ಅರ್ಧ ಮುಚ್ಚಿದೆ ಅನ್ನಿ. ತುದಿಯ ವಾಲ್ವ್ ಬಂದ್ ಮಾಡಿಟ್ಟರೆ ತುದಿಯಲ್ಲಿ ಪ್ರೆಶರ್ ಪೂರ್ತಿ ಇರುತ್ತದೆ. ನೀರು ಹರಿಯುತ್ತಿಲ್ಲವಲ್ಲ, ಕೆಸರು ಯಾವುದನ್ನು ತಡೆಯಬೇಕು? ವಾಲ್ವ್ ತೆಗೆದು ಸ್ಪ್ರಿಂಕ್ಲರ್ ತಿರುಗಲು ಬಿಟ್ಟರೆ ಆಗ ಬಂಡವಾಳ ಗೊತ್ತಾಗುತ್ತದೆ. ಕಪ್ಲರ್ ಕಳಚಿ ವೋಲ್ಟೇಜ್ ನೋಡುವುದು ಅಂದರೆ ವಾಲ್ವ್ ಬಂದ್ ಮಾಡಿ ಪ್ರೆಶರ್ ನೋಡಿದ ಹಾಗೆ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಕಿಲುಬು ಹಿಡಿದ ಜೋಡಣೆಯಲ್ಲೂ ಅಷ್ಟು ಕರೆಂಟ್ ಆರಾಮಾಗಿ ದಾಟುತ್ತದೆ.

ಬಲ್ಬ್ ಎಳೆಯುವುದು ಎಷ್ಟು? ಡಿಪ್ 55 ವ್ಯಾಟ್. 55 ಭಾಗಿಸು 12, ಸುಮಾರು 4.6 ಆಂಪಿಯರ್. ಅಷ್ಟು ಕರೆಂಟ್ ಅರ್ಧ ಓಮ್ ದಾಟಬೇಕಾದರೆ ಎರಡು ವೋಲ್ಟಿನಷ್ಟು ಅಲ್ಲೇ ಕಳೆದುಹೋಗುತ್ತದೆ. ನಾನು ಏನೂ ಅಲ್ಲ ಅಂತ ಬಿಟ್ಟ ಅರ್ಧ ಓಮ್ ಅದೇ.

ಸರಿಯಾದ ಕ್ರಮ ಹೀಗೆ. ಕಪ್ಲರ್ ಬಲ್ಬಿನಲ್ಲೇ ಇರಲಿ. ಕಪ್ಲರಿನ ಹಿಂದೆ ವೈರ್ ಒಳಹೋಗುವ ಸಂದಿಯಲ್ಲಿ ತೆಳ್ಳಗಿನ ಪಿನ್ ತೂರಿಸಿ ಲೋಹಕ್ಕೆ ತಾಗಿಸಿ. ವೈರಿನ ಪ್ಲಾಸ್ಟಿಕ್ ಚುಚ್ಚಬೇಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಆ ಸಣ್ಣ ತೂತೇ ಸಾಕು, ಒಳಗಿನ ತಾಮ್ರ ಹಸಿರಾಗಿ ಪುಡಿಯಾಗುತ್ತದೆ. ಎಂಜಿನ್ ಬಂದ್, ಡಿಪ್ ಆನ್. ಈಗ ನಾಲ್ಕು ಅಳತೆ ತೆಗೆದುಕೊಳ್ಳಿ. ನನಗೆ ಬಂದದ್ದು (ವೋಲ್ಟಿನಲ್ಲಿ):

ಬ್ಯಾಟರಿ ಪ್ಲಸ್–ಮೈನಸ್: 12.4
ಬ್ಯಾಟರಿ ಪ್ಲಸ್–ಬಲ್ಬಿನ ಡಿಪ್ ಕಾಲು: 0.4
ಬಲ್ಬಿನ ಎರಡು ಕಾಲಿನ ಮಧ್ಯೆ: 9.9
ಬಲ್ಬಿನ ಅರ್ಥಿಂಗ್ ಕಾಲು–ಬ್ಯಾಟರಿ ಮೈನಸ್: 2.1

ಕೆಳಗಿನ ಮೂರನ್ನು ಕೂಡಿಸಿ: 0.4 + 9.9 + 2.1 = 12.4. ಈ ಕೂಡಿಕೆ ಸರಿಹೋದಾಗ ನನಗಾದ ಖುಷಿ ಹೇಳತೀರದು. ಬ್ಯಾಟರಿ ಕೊಟ್ಟದ್ದು ಎಲ್ಲೆಲ್ಲಿ ಖರ್ಚಾಯಿತು ಅನ್ನುವ ಪೂರ್ತಿ ಲೆಕ್ಕ ಇದು. ಕೂಡಿಕೆ ತಾಳೆಯಾಗದಿದ್ದರೆ ಎಲ್ಲೋ ಪಿನ್ ಸರಿಯಾಗಿ ತಾಗಿಲ್ಲ, ಮತ್ತೆ ಅಳೆಯಿರಿ.

ನಾಲ್ಕನೆಯ ಸಾಲು ನನ್ನನ್ನು ಬಹಳ ಹೊತ್ತು ಕಾಡಿತು. ಎರಡೂ ಮೈನಸ್ ಅಲ್ವಾ, ಮೈನಸ್‌ಗೂ ಮೈನಸ್‌ಗೂ ಮಧ್ಯೆ ವೋಲ್ಟ್ ಎಲ್ಲಿಂದ ಬಂತು? ಉತ್ತರ ಇಷ್ಟೆ: ಅರ್ಥಿಂಗ್ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಸೊನ್ನೆ ಆಗುವುದಿಲ್ಲ. ಅದು ಕರೆಂಟ್ ವಾಪಸ್ ಹೋಗುವ ದಾರಿ. ಆ ದಾರಿಯಲ್ಲಿ ಅಡ್ಡಿ ಇದ್ದರೆ ಅಲ್ಲೂ ವೋಲ್ಟೇಜ್ ಖರ್ಚಾಗುತ್ತದೆ. ಅರ್ಥಿಂಗ್ ಬದಿಯಲ್ಲಿ 0.1, ಹೆಚ್ಚೆಂದರೆ 0.2 ಇರಬಹುದು. 2.1 ಅಂದರೆ ಕಳ್ಳ ಸಿಕ್ಕಿದ ಹಾಗೆಯೇ. ವೋಲ್ಟೇಜ್ ಸ್ವಲ್ಪ ಇಳಿದರೂ ಬಲ್ಬಿನ ಬೆಳಕು ಬಹಳ ಇಳಿಯುತ್ತದೆ. ನೂರಕ್ಕೆ ಹತ್ತು ವೋಲ್ಟೇಜ್ ಹೋದರೆ ಬೆಳಕು ಸುಮಾರು ಮೂವತ್ತು ಹೋಗುತ್ತದೆ. 9.9ಕ್ಕೆ ಬಂದಾಗ ಉಳಿಯುವುದು ಹೆಚ್ಚೂಕಡಿಮೆ ಅರ್ಧ ಬೆಳಕು. ಮಾವ ಹೇಳಿದ್ದು ಅದನ್ನೇ.

ಒಂದು ಎಚ್ಚರಿಕೆ. ಜಪಾನಿ ವಿನ್ಯಾಸದ ಕೆಲವು ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಸ್ವಿಚ್ ಅರ್ಥಿಂಗ್ ಬದಿಯಲ್ಲೇ ಇರುತ್ತದೆ. ಅಲ್ಲಿ ಬಲ್ಬಿಗೆ ಪ್ಲಸ್ ಮೊದಲೇ ಬಂದು ನಿಂತಿರುತ್ತದೆ. ಬಿಚ್ಚುವ ಮೊದಲು ನಿಮ್ಮ ಕಾರು ಯಾವ ತರಹದ್ದು ಅಂತ ನೋಡಿಕೊಳ್ಳಿ. ಮಾವನದ್ದರಲ್ಲಿ ಸ್ವಿಚ್ ಪ್ಲಸ್ ಬದಿಗಿದೆ.

ಹಿಂದಿನ ಲೈಟಿನ ಗೊಂದಲ

ಬ್ರೇಕ್ ಒತ್ತಿದರೆ ಇಂಡಿಕೇಟರೂ ಸಣ್ಣಗೆ ಉರಿಯುವುದು, ಟೇಲ್ ಲೈಟ್ ಹಾಕಿ ಬ್ರೇಕ್ ಒತ್ತಿದರೆ ಬೆಳಕು ಹೆಚ್ಚಾಗುವ ಬದಲು ಕಡಿಮೆಯಾಗುವುದು: ಹೀಗೆ ಒಂದು ಒತ್ತಿದರೆ ಇನ್ನೊಂದು ಕುಣಿಯುವುದಾದರೆ ಮೊದಲು ಆ ಗುಂಪಿನ ಅರ್ಥಿಂಗ್ ನೋಡಿ. ಹಿಂದೆ ಸಾಮಾನ್ಯವಾಗಿ ಒಂದೇ ಬಲ್ಬಿನಲ್ಲಿ ಎರಡು ಉರಿಯುವ ತಂತಿ (ಫಿಲಮೆಂಟ್) ಇರುತ್ತದೆ, ಬ್ರೇಕಿಗೆ 21 ವ್ಯಾಟ್, ಟೇಲಿಗೆ 5. ಎರಡಕ್ಕೂ ವಾಪಸ್ ದಾರಿ ಒಂದೇ. ಅದು ಮುಚ್ಚಿದರೆ ಬ್ರೇಕಿನ ಕರೆಂಟ್ ಟೇಲಿನ ತಂತಿಯೊಳಗೆ ಹಿಂದಕ್ಕೆ ನುಗ್ಗಿ, ಇನ್ನೊಂದು ಬದಿಯ ಟೇಲ್ ಲೈಟು, ನಂಬರ್ ಪ್ಲೇಟ್ ಲೈಟುಗಳ ಮೂಲಕ ಅರ್ಥಿಂಗ್ ಹುಡುಕಿಕೊಂಡು ಹೋಗುತ್ತದೆ.

ಬಿಚ್ಚಿದ್ದು, ಕಟ್ಟಿದ್ದು

ಬ್ಯಾಟರಿ ಮೈನಸ್ ಮೊದಲು ತೆಗೆದೆ. ಎಡ ಹೆಡ್‌ಲೈಟಿನ ಅರ್ಥಿಂಗ್ ವೈರು ಬ್ಯಾಟರಿ ತಟ್ಟೆಯ ಹತ್ತಿರ ಬಾಡಿಗೆ ಒಂದು ಬೋಲ್ಟಿನಲ್ಲಿ ಕೂತಿತ್ತು. ಮೇಲಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಬಿಚ್ಚಿದಾಗ ರಿಂಗಿನ ಕೆಳಗೆ ಹಸಿರು ಕಿಲುಬು, ಅದರ ಕೆಳಗೆ ತಗಡಿನ ತುಕ್ಕು. ಎಮರಿ ಪೇಪರಿನಿಂದ ತಗಡು ಹೊಳೆಯುವವರೆಗೆ ಉಜ್ಜಿದೆ. ವೈರಿನ ತುದಿ ಒಳಗೂ ಹಸಿರಾಗಿತ್ತು, ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ರಿಂಗ್ ಕ್ರಿಂಪ್ ಮಾಡಿದೆ. ಬೋಲ್ಟ್ ಗಟ್ಟಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿದೆ. ಇಲ್ಲಿ ಆ ಪದರ ಬೇಕೇ ಬೇಕು.

ಮತ್ತೆ ಅಳೆದೆ. ಅರ್ಥಿಂಗ್ ಬದಿ 0.06. ಬಲ್ಬಿನಲ್ಲಿ 11.9. ಗೋಡೆಯ ಮೇಲೆ ಎಡ, ಬಲ ಎರಡೂ ಬೆಳಕು ಒಂದೇ ಬಣ್ಣಕ್ಕೆ ಬಂದವು.

ಬಲಗಡೆಯ ಅರ್ಥಿಂಗ್ ಕೂಡ ಅಳೆದು ನೋಡಿದೆ, 0.3 ಬಂತು. ಕಣ್ಣಿಗೆ ಲೈಟ್ ಚೆನ್ನಾಗಿಯೇ ಕಾಣುತ್ತಿದೆ. ಆದರೂ ಮಾವ ಮತ್ತೆ ಘಟ್ಟ ಹತ್ತುವ ಮೊದಲು ಅದನ್ನೂ ಬಿಚ್ಚಿ ಉಜ್ಜುತ್ತೇನೆ.