ಕೊಟ್ಟಿಗೆ ತೊಳೆದ ನೀರು

ಹೊಸನಗರದ ಕಡೆ ಒಂದು ಮನೆಗೆ ಹಸು ನೋಡಲು ಹೋಗಿದ್ದೆ. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ನಾಲಿಗೆ ಮೇಲೆ ಗುಳ್ಳೆ. ಕಾಲುಬಾಯಿ ಜ್ವರ. ಪಕ್ಕದಲ್ಲೇ ಮನೆಯಮ್ಮ ಕೊಟ್ಟಿಗೆ ತೊಳೆಯುತ್ತಿದ್ದರು. ಜೊಲ್ಲು, ಗಂಜಲ, ಸಗಣಿ ಎಲ್ಲ ಸೇರಿ ಗೊಬ್ಬರ ಗುಂಡಿಗೆ ಹರಿಯಿತು. ಈ ರೋಗದ ವೈರಸ್ಸು ಗುಳ್ಳೆ ಏಳುವ ಮೊದಲೇ ಹಾಲಿನಲ್ಲಿ, ಜೊಲ್ಲಿನಲ್ಲಿ ಬರಲು ಶುರುವಾಗುತ್ತದೆ. ಅಂದರೆ ನನಗೆ ಫೋನ್ ಬರುವ ಮೊದಲೇ ಆ ನೀರಿಗೆ ವಿಷಯ ಗೊತ್ತಿತ್ತು.

ಊರಿನಲ್ಲಿ ಯಾವ ರೋಗ ಇದೆ ಎಂದು ತಿಳಿಯಲು ಮಾಡುವ ಚರಂಡಿ ನೀರಿನ ಪರೀಕ್ಷೆ ನಿಂತಿರುವುದು ಇದರ ಮೇಲೆಯೇ. ನೀರನ್ನು ಬಾಟಲಿಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಪಿಸಿಆರ್ ಮಾಡುತ್ತಾರೆ, ಕೋವಿಡ್‌ಗೆ ಮಾಡುತ್ತಿದ್ದರಲ್ಲ, ಅದೇ. ವೈರಸ್ಸು ಸತ್ತಿದ್ದರೂ ಅದರ ತುಣುಕು ಸಿಗುತ್ತದೆ. ತಳದ ಕೆಸರಿನಲ್ಲಂತೂ ಜಾಸ್ತಿ.

2024ರಲ್ಲಿ ಅಮೆರಿಕದ ಹಾಲಿನ ಹಸುಗಳಿಗೆ ಎಚ್5ಎನ್1 ಹಕ್ಕಿಜ್ವರ ಬಂತು. ಆಗ ಅಲ್ಲಿನ ಟೆಕ್ಸಾಸ್ ರಾಜ್ಯದ ಊರುಗಳ ಚರಂಡಿಯಲ್ಲೂ ಈ ಬಗೆಯ ವೈರಸ್ಸಿನ ಎಚ್5 ಗುರುತು ಸಿಕ್ಕಿತು. ಕೆಲವು ಕಡೆ ಡೇರಿಗಳ ಹಾಲಿನ ತ್ಯಾಜ್ಯ ಅದೇ ಚರಂಡಿಗೆ ಸೇರುತ್ತಿತ್ತು. ಆದರೆ ಬಂದದ್ದು ಹಸುವಿನಿಂದಲೋ, ಹಕ್ಕಿಯಿಂದಲೋ, ಮನುಷ್ಯರಿಂದಲೋ ಎಂದು ಆ ಪರೀಕ್ಷೆ ಹೇಳುವುದಿಲ್ಲ. ಅದಕ್ಕೆ ಯಾರಾದರೂ ಕೊಟ್ಟಿಗೆಗೇ ಹೋಗಿ ನೋಡಬೇಕು.

ನಮ್ಮಲ್ಲಿ ಇದು ನಡೆಯುತ್ತದಾ? ಶಿವಮೊಗ್ಗ ನಗರದಲ್ಲಿ ಒಳಚರಂಡಿ ಇದೆ. ಹಳ್ಳಿಗೆ ಬಂದರೆ ತೋಟದ ನಡುವೆ ಒಂದೊಂದು ಮನೆ, ಒಬ್ಬೊಬ್ಬರ ಗುಂಡಿ ಒಂದೊಂದು ಕಡೆ. ಎಷ್ಟು ಮನೆಯ ಬಾಟಲಿ ಹಿಡಿಯೋಣ? ಮಳೆಗಾಲದಲ್ಲಂತೂ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ನನ್ನ ಮಟ್ಟಿಗೆ ಸರಿಯಾದ ಜಾಗ ಹಾಲಿನ ಸೊಸೈಟಿ. ಬೆಳಿಗ್ಗೆ ಊರಿನ ಹಾಲೆಲ್ಲ ಬಂದು ಸೇರುವುದು ಅಲ್ಲೇ ಅಲ್ವಾ? ಕ್ಯಾನ್ ತೊಳೆದ ನೀರು ಹಿಂದಿನ ಮೋರಿಗೆ ಬೀಳುತ್ತದೆ. ವಾರಕ್ಕೊಂದು ಬಾಟಲಿ ಅಲ್ಲಿಂದ ಹಿಡಿದರೆ ಇಡೀ ಊರಿನ ಕೊಟ್ಟಿಗೆಗಳ ಸುಳಿವು ಸಿಗಬಹುದು. ಮಾಡಿ ನೋಡಲೇಬೇಕು ಎಂಬ ಆಸೆ ನನಗಿದೆ.

ಮಂಗನ ಕಾಯಿಲೆಗೆ ಮಾತ್ರ ಈ ದಾರಿ ನಂಬಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ಸು ಹರಡುವುದು ಉಣುಗಿನಿಂದ. ಅದರ ಸುದ್ದಿ ಮೋರಿಗೆ ಬರುವುದಿಲ್ಲ, ಕಾಡಿನಲ್ಲೇ ಸಿಗುತ್ತದೆ. ತೋಟದಲ್ಲೋ ಸೊಪ್ಪಿನ ಬೆಟ್ಟದಲ್ಲೋ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಸತ್ತ ಮಂಗನ ಮೈಯಿಂದ ಉಣುಗು ಸುತ್ತಲಿನ ದರಗಿಗೆ ಇಳಿದಿರುತ್ತವೆ. ಆಸ್ಪತ್ರೆಗೋ ಅರಣ್ಯದವರಿಗೋ ದನದ ಡಾಕ್ಟರಾದ ನಮಗೋ, ಅವತ್ತೇ ಒಂದು ಫೋನ್ ಮಾಡಿ.