ಉಪವಾಸದ ದಿನ ಉಣ್ಣಬೇಕಾದವರು

ಶೌಚಕ್ಕೆ ಹೋಗಿಬಂದು ಕೈ ತೊಳೆದ ಮೇಲೆ ಶ್ರದ್ಧಾವಂತ ಯಹೂದಿಗಳು ಒಂದು ಪುಟ್ಟ ಸ್ತುತಿಯನ್ನು ಹೇಳುತ್ತಾರೆ. ಮನುಷ್ಯನ ಒಡಲಲ್ಲಿ ದೇವರು ರಂಧ್ರಗಳನ್ನೂ ನಾಳಗಳನ್ನೂ ಇಟ್ಟಿದ್ದಾನೆ, ತೆರೆದಿರಬೇಕಾದದ್ದು ಮುಚ್ಚಿಕೊಂಡರೆ ಅಥವಾ ಮುಚ್ಚಿರಬೇಕಾದದ್ದು ತೆರೆದುಕೊಂಡರೆ ಅವನೆದುರು ನಿಲ್ಲಲು ಯಾರಿಂದಲೂ ಆಗದು ಎಂಬುದು ಅದರ ಸಾರ. 'ಅಶೆರ್ ಯಾತ್ಸರ್' ಎಂಬ ಈ ಸ್ತುತಿಯನ್ನು ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಗ್ರಂಥವು ನಾಲ್ಕನೆಯ ಶತಮಾನದ ಬ್ಯಾಬಿಲೋನಿಯದ ಗುರು ಅಬಯೆಯ ಹೆಸರಿನಲ್ಲಿ ಉಳಿಸಿಕೊಟ್ಟಿದೆ. ದೇಹದ ಅತಿ ಸಾಮಾನ್ಯ ಕೆಲಸವನ್ನೂ ದೇವರ ಮುಂದೆ ನೆನೆಯಲು ನಾಚದ ಈ ಭಾವವೇ ಆರೋಗ್ಯ, ಚಿಕಿತ್ಸೆಗಳ ಕುರಿತ ಯಹೂದಿಗಳ ಮುಂದಿನ ಚರ್ಚೆಗೆಲ್ಲ ನೆಲೆಯಾಯಿತೆಂದು ನನಗೆ ಅನಿಸುತ್ತದೆ.

ಆದರೆ ವೈದ್ಯನ ಬಗ್ಗೆ ಮೊದಲಿಗೆ ಅಳುಕಿತ್ತು. ಕಾಲಿನ ರೋಗ ಬಂದಾಗ ದೇವರನ್ನು ಬಿಟ್ಟು ವೈದ್ಯರನ್ನೇ ನಂಬಿದನೆಂದು ಹೀಬ್ರೂ ಬೈಬಲ್ ಅರಸ ಆಸನನ್ನು ಆಕ್ಷೇಪಿಸುತ್ತದೆ. ಆದರೂ ಪೆಟ್ಟು ಕೊಟ್ಟವನೇ ಗಾಯಗೊಂಡವನ ಚಿಕಿತ್ಸೆಯ ವೆಚ್ಚ ಭರಿಸಬೇಕೆಂಬ, ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ವಿಧಿಯಿಂದ, ವೈದ್ಯನಿಗೆ ಗುಣಪಡಿಸುವ ಅನುಮತಿ ದೇವರಿಂದಲೇ ದೊರೆತಿದೆ ಎಂಬ ಅರ್ಥವನ್ನು ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ತೆಗೆದರು. ಆಜ್ಞೆಗಳಿರುವುದು ಅವುಗಳಿಂದ ಬದುಕುವುದಕ್ಕೆ, ಸಾಯುವುದಕ್ಕಲ್ಲ ಎಂದು ವಾದಿಸಿ, ಜೀವ ಉಳಿಸುವ ಕೆಲಸವನ್ನು ವಾರದ ಪವಿತ್ರ ವಿಶ್ರಾಂತಿ ದಿನವಾದ ಸಬ್ಬತ್ತಿನ ನಿಯಮಗಳಿಗಿಂತಲೂ ಮೇಲೆ ಇಟ್ಟರು. ವರ್ಷದ ಅತಿ ಪವಿತ್ರ ಉಪವಾಸವಾದ ಯೋಮ್ ಕಿಪ್ಪುರ್ ದಿನವೂ ರೋಗಿಯು ತನಗೆ ಆಹಾರ ಬೇಕೆಂದರೆ, ಬೇಡವೆನ್ನುವ ವೈದ್ಯರ ಮಾತನ್ನು ಬದಿಗಿಟ್ಟು ಉಣಿಸಬೇಕು. ಹೃದಯದ ಕಹಿಯನ್ನು ಬಲ್ಲದ್ದು ಆ ಹೃದಯವೇ ಎಂಬುದು ಅವರು ಕೊಟ್ಟ ಕಾರಣ.

ಈ ಚಿಂತನೆಗೆ ಶಿಸ್ತು ತಂದವರು ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ನೆಲೆಸಿ, 1204ರಲ್ಲಿ ತೀರಿಕೊಂಡ ಆಸ್ಥಾನವೈದ್ಯ, ಧರ್ಮಪಂಡಿತ ಮೈಮೊನಿಡೀಸ್. ರೋಗಪೀಡಿತನು ಸೃಷ್ಟಿಕರ್ತನನ್ನು ಅರಿಯಲಾರ, ಆದ್ದರಿಂದ ಆರೋಗ್ಯ ಕಾಯುವುದೂ ದೇವರ ದಾರಿಯೇ ಎಂದು ಅವರು ತಮ್ಮ ಧರ್ಮಸಂಹಿತೆಯಲ್ಲೇ ಬರೆದರು. ಹಸಿದಾಗ ಮಾತ್ರ ಉಣ್ಣಬೇಕು, ಹೊಟ್ಟೆಯ ಕಾಲುಭಾಗ ಖಾಲಿ ಬಿಡಬೇಕು ಎಂಬ ಸೂಚನೆಗಳು ಅಲ್ಲಿ ನಡತೆಯ ನಿಯಮಗಳ ನಡುವೆ ಕುಳಿತಿವೆ. ಸುಲ್ತಾನ್ ಸಲಾದಿನ್‌ನ ಮಗ ಅಲ್-ಅಫ್ದಲ್‌ಗಾಗಿ ಬರೆದ ಆರೋಗ್ಯ ಗ್ರಂಥದಲ್ಲಿ, ದುಃಖ ಮತ್ತು ಭಯ ದೇಹವನ್ನು ಹೇಗೆ ಕುಗ್ಗಿಸುತ್ತವೆ ಎಂಬುದನ್ನೂ ವಿವರಿಸಿದರು. ಅವರ ಸ್ವಂತ ಬದುಕಿನಲ್ಲಿ ಈ ನಿಯಮ ನಡೆಯಲಿಲ್ಲವೆಂಬುದು ಮನ ಕಲಕುತ್ತದೆ. ಅರಮನೆಯಿಂದ ಹಸಿದು ಮರಳಿದರೆ ಮನೆಯಂಗಳದ ತುಂಬ ರೋಗಿಗಳು, ದಿನಕ್ಕೆ ಒಂದೇ ಊಟ, ರಾತ್ರಿ ಆಯಾಸದಿಂದ ಮಲಗಿಕೊಂಡೇ ಔಷಧ ಹೇಳುವ ಸ್ಥಿತಿ ಎಂದು ತಮ್ಮ ಅನುವಾದಕ ಸ್ಯಾಮ್ಯುಯೆಲ್ ಇಬ್ನ್ ತಿಬ್ಬೋನ್‌ಗೆ 1199ರಲ್ಲಿ ಪತ್ರ ಬರೆದರು.

ಇಡೀ ಊರೇ ಅಪಾಯದಲ್ಲಿದ್ದಾಗ ಜೀವವೇ ಮೊದಲೆಂಬ ಈ ತತ್ವ ಕಠಿಣ ಪರೀಕ್ಷೆಗೆ ಒಳಗಾಯಿತು. 1848ರಲ್ಲಿ ವಿಲ್ನಾ (ಇಂದಿನ ಲಿಥುವೇನಿಯದ ವಿಲ್ನಿಯಸ್) ನಗರದಲ್ಲಿ ಕಾಲರಾ ಹಬ್ಬಿದಾಗ, ಉಪವಾಸದಿಂದ ಬಳಲಿದವರಿಗೆ ರೋಗ ಬೇಗ ತಗಲೀತೆಂಬ ಆತಂಕದಿಂದ ರಬ್ಬಿ ಇಸ್ರೇಲ್ ಸಲಾಂಟರ್ ಯೋಮ್ ಕಿಪ್ಪುರ್ ದಿನ ಉಣ್ಣಲು ಅನುಮತಿ ಕೊಟ್ಟರು. ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಎಲ್ಲರೆದುರು ತಾವೇ ತಿಂದು ತೋರಿಸಿದರೆಂಬ ಕಥೆಯನ್ನು ಹಲವು ಬಗೆಯಲ್ಲಿ ಹೇಳುತ್ತಾರೆ.

ಇಂದಿಗೂ ಆ ದಿನ ರೋಗಿಗಳಿಗೆ ರಬ್ಬಿಗಳು ಅಳತೆ ಹೇಳಿಕೊಡುತ್ತಾರೆ. ತೀರ ಅಪಾಯದಲ್ಲಿರುವವರು ಬೇಕಾದಷ್ಟು ಉಣ್ಣಬಹುದು. ಉಳಿದವರು ಉಪವಾಸ ಪೂರ್ತಿ ಮುರಿಯದಂತೆ, ಗಾತ್ರದಲ್ಲಿ ಸುಮಾರು 30 ಮಿಲಿಲೀಟರಿನಷ್ಟು ಆಹಾರವನ್ನು ತಿಂದು, ಒಂಬತ್ತು ನಿಮಿಷ ಬಿಟ್ಟು ಮತ್ತೆ ಅಷ್ಟನ್ನು ತಿನ್ನುತ್ತಾರೆ.